ತಿರುವಾಂಕೂರಿನ ಬಿ.ಎ.ಗೆ ಕಡಬದಲ್ಲಿ ಒಂದು ಕುರ್ಚಿ

ಚಾ ಹೊಟೇಲು ಇಟ್ಟವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಕೊಡೆ ಮಡಚಿ ತಾನೇ ಒಳಗೆ ಬಂದು ಬೆಂಚಿನಲ್ಲಿ ಕೂರುತ್ತದೆ. ಕಡಬದ ನಮ್ಮ ಹೊಟೇಲಿಗೆ ದಿನಕ್ಕೊಂದು ಬರುತ್ತಿತ್ತು. ಚಾ ಕುಡಿದು ಹೋಗುತ್ತಿತ್ತು. ಒಂದು ಮಾತ್ರ ಬಂದದ್ದು ಹೋಗಲಿಲ್ಲ. ಹಿಂದಿನ ಕೋಣೆಯಲ್ಲೇ ಉಳಿಯಿತು. ಅದರ ಹೆಸರು ಬಿ.ಎ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಊರಿನವರಿಗೆ ಅದು ಬೇಕಾಗಲಿಲ್ಲ. ನಮ್ಮಲ್ಲಿ ಬಿ.ಎ. ಪಾಸಾದವರನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ತಿರುವಾಂಕೂರಿನ ಕಡೆಯ ಕ್ರಿಶ್ಚಿಯನರು ಬಂದು ನಮ್ಮ ಕಾಡು ಕಡಿದು ಜಾಗ ಮಾಡುತ್ತಿದ್ದ ಕಾಲ ಅದು. ಒಬ್ಬ ಅಣ್ಣ ಬಂದ. ಅವನ ಹಿಂದೆ ಅವನ ಚಿಕ್ಕಪ್ಪನ ಮಗ ಬಂದ. ಅಣ್ಣನ ಕೈಯಲ್ಲಿ ಕೊಡಲಿ. ತಮ್ಮನ ಕೈಯಲ್ಲಿ ಸರ್ಟಿಫಿಕೇಟು. ಮೊದಲ ದಿನ ತಮ್ಮ ಕೊಡಲಿ ಬೀಸಿದ. ಮರ ಅಲ್ಲೇ ನಿಂತಿತು. ಕೊಡಲಿ ಹೋಗಿ ತೋಡಿನ ನೀರಿಗೆ ಬಿತ್ತು. ಅಣ್ಣ ಮರುದಿನವೇ ತಮ್ಮನನ್ನು ಕರೆದುಕೊಂಡು ಕಡಬಕ್ಕೆ ಬಂದ. "ಇವನು ಓದಿದವ. ಇವನಿಗೆ ಕೂತು ಮಾಡುವ ಕೆಲಸ ಬೇಕು" ಎಂದು ನಮ್ಮಲ್ಲಿ ಬಿಟ್ಟು ಹೋದ.

ಕೆಲಸಕ್ಕೆ ಅವಸರವೂ ಇತ್ತು. ಅವರ ಊರಿನಲ್ಲಿ ಹುಡುಗಿ ನಿಶ್ಚಯ ಆಗಿತ್ತು. ಹುಡುಗಿಯ ಅಪ್ಪ ಖಡಕ್ ಮನುಷ್ಯ. "ಬರುವ ಓಣಂ ಒಳಗೆ ಕುರ್ಚಿಯಲ್ಲಿ ಕೂರುವ ಕೆಲಸ ಆಗಬೇಕು. ಆಗದಿದ್ದರೆ ಹುಡುಗಿಯನ್ನು ಬೇರೆ ಕಡೆ ಕೊಡುತ್ತೇನೆ" ಎಂದು ಹೇಳಿ ಕಳಿಸಿದ್ದ. ಬಿ.ಎ. ಹುಡುಗಿಯನ್ನು ನೋಡಿದ್ದು ಒಂದೇ ಸಲ, ಅದೂ ಇಗರ್ಜಿಯಲ್ಲಿ, ಹಿಂದಿನಿಂದ. ಆದರೂ ಅವಳ ಮಾತು ಬಂದರೆ ಚಾಕ್ಕೆ ಸಕ್ಕರೆ ಹಾಕುದು ಮರೆತು ಉಪ್ಪು ಹಾಕುವಷ್ಟು ಆಗಿತ್ತು.

ಅವರಿಗೆ ಇದು ಬೇರೆ ದೇಶ. ಭಾಷೆ ಬೇರೆ, ಕ್ರಮ ಬೇರೆ. ಕನ್ನಡ ಕಲಿಸಿದ್ದು ನನ್ನ ಹೆಂಡತಿ. ಸೌಟು ಹಿಡಿದುಕೊಂಡು ಒಲೆಯ ಹತ್ತಿರವೇ ಕಲಿಸಿದಳು. ಅವರು ಅವಳನ್ನು ಚೇಚಿ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಕ್ಕ. ನನ್ನನ್ನು ಚೇಟ, ಅಂದರೆ ಅಣ್ಣ.

ಇದನ್ನೆಲ್ಲ ಹೇಳಲು ಅವಳೇ ಸರಿ. ನಾನು ಮೂರನೇ ಕ್ಲಾಸು. ಮಾತೂ ಕಡಿಮೆ. ಅವಳು ಹೇಳಿದರೆ ಕೇಳಿದವರು ಬೆಂಚಿನಿಂದ ಕೆಳಗೆ ಬೀಳುತ್ತಿದ್ದರು. ಅವಳು ಹೋಗಿ ಒಂದು ಮಳೆಗಾಲ ಕಳೆಯಿತು. ಈಗ ನಾನೇ ಹೇಳಬೇಕು.

೧. ಒಂದು ಚೆಂಬು ನೀರು

ನಮ್ಮೂರ ಶಾಲೆಗೆ ಒಬ್ಬರು ಮೆನೇಜರು. ಶಾಲೆ ಕಟ್ಟಿಸಿದ್ದು ಅವರೇ, ಮಾಸ್ಟ್ರುಗಳನ್ನು ಇಡುವುದೂ ಅವರೇ. ದೊಡ್ಡ ಮನೆ, ದೊಡ್ಡ ಹೊಟ್ಟೆ, ಕಿವಿಯಲ್ಲಿ ಒಂಟಿ. ಬಿ.ಎ. ಮೊದಲು ಹೋದದ್ದು ಅವರ ಮನೆಗೆ. ಮಳೆಗಾಲ ಕಳೆದ ಮೇಲಿನ ಸೆಕೆ. ಅವರು ಕೋಟು ಹಾಕಿಕೊಂಡೇ ಹೋದರು. ದಾರಿ ತೋರಿಸಲು ನಾನೂ ಹೋದೆ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಬೆಲ್ಲ ಕಚ್ಚುದು, ನೀರು ಕುಡಿಯುದು. ಆಮೇಲೆ ಮಾತು. ಇದನ್ನು ಯಾರಾದರೂ ಹೇಳಿಕೊಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಉಸಿರಾಡುದು ಹೇಗೆ ಎಂದು ಯಾರು ಹೇಳಿಕೊಡುತ್ತಾರೆ?

ಮೆನೇಜರ ಹೆಂಡತಿ ಚೆಂಬು ಮತ್ತು ಬೆಲ್ಲ ತಂದಿಟ್ಟರು. ಬಿ.ಎ. ಎದ್ದು ಚೆಂಬು ಹಿಡಿದು ಅಂಗಳಕ್ಕೆ ಇಳಿದರು. ಒಂದು ಕಾಲು ತೊಳೆದರು. ಇನ್ನೊಂದು ಕಾಲು ತೊಳೆದರು. ಮುಖ ತೊಳೆದು ಬಾಯಿ ಮುಕ್ಕಳಿಸಿದರು. ಅವರ ಊರಿನಲ್ಲಿ ಜಗಲಿಯಲ್ಲಿ ಇಡುವ ನೀರು ಕಾಲಿಗಂತೆ. ಮತ್ತೆ ಬಂದು ಬೆಲ್ಲ ನೋಡಿದರು. ಇದು ಮನೆಗೆ ಕೊಂಡುಹೋಗಲು ಕೊಟ್ಟದ್ದು ಎಂದು ಎಣಿಸಿ ಕರ್ಚೀಫಿನಲ್ಲಿ ಸುತ್ತಿ ಕೋಟಿನ ಕಿಸೆಗೆ ಹಾಕಿದರು.

ಮೆನೇಜರು ನನ್ನ ಮುಖ ನೋಡಿದರು. ನಾನು ಮಾಡಿನ ಹಂಚು ನೋಡಿದೆ.

"ಬಾಯಾರಿಕೆ ಇರಬೇಕು. ಇನ್ನೊಂದು ಚೆಂಬು ತನ್ನಿ" ಎಂದರು ಮೆನೇಜರು.

ಎರಡನೇ ಚೆಂಬು ಬಂತು. ಜೊತೆಗೆ ಬೆಲ್ಲವೂ ಬಂತು. ಬಿ.ಎ. ಕೈಮುಗಿದು ಮತ್ತೆ ಅಂಗಳಕ್ಕೆ ಇಳಿದರು. ಈ ಸಲ ಮೊಣಕೈವರೆಗೆ ತೊಳೆದರು. ಬೆಲ್ಲ ಇನ್ನೊಂದು ಕಿಸೆಗೆ ಹೋಯಿತು.

ಮೂರನೇ ಚೆಂಬು ಬಂತು. ಅದನ್ನು ಮೆನೇಜರೇ ಕುಡಿದರು.

ಆಮೇಲೆ ಮಾತು ಸುರುವಾಯಿತು. "ಎಂತೆಲ್ಲ ಕಲಿತಿದ್ದೀರಿ?" ಎಂದು ಮೆನೇಜರು ಕೇಳುವ ಹೊತ್ತಿಗೆ ಜಗಲಿಯ ಕೆಂಪಿರುವೆಗಳಿಗೆ ಸುದ್ದಿ ಮುಟ್ಟಿತ್ತು. ಎರಡು ಕಿಸೆಗೂ ಸಾಲು ಹಿಡಿದಿದ್ದವು. ಬಿ.ಎ. "ಹಿಸ್ಟರಿ" ಎಂದರು, ಒಮ್ಮೆ ಹಾರಿದರು. "ಇಂಗ್ಲಿಷ್" ಎಂದರು, ಎರಡು ಸಲ ಹಾರಿದರು. ಕೋಟು ಕಳಚಿ ಅಂಗಳದಲ್ಲಿ ಒಂದು ಸುತ್ತು ಬಂದರು.

ಮೆನೇಜರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು. "ಜನ ಒಳ್ಳೆಯವರು ಮಾರಾಯ. ಶುದ್ಧವೂ ಉಂಟು. ಆದರೆ ಇಷ್ಟು ದೊಡ್ಡ ಅಂಗಳ ಸಾಕಾಗದವರನ್ನು ನಾನು ಕ್ಲಾಸಿನೊಳಗೆ ಹೇಗೆ ನಿಲ್ಲಿಸುದು?"

೨. ಟುವಾಲಿನ ಕೆಳಗೆ

ಚಳಿಗಾಲದಲ್ಲಿ ಸುಬ್ರಹ್ಮಣ್ಯದ ಹತ್ತಿರ ದನದ ಸಂತೆ. ಒಬ್ಬ ದನದ ದಲ್ಲಾಳಿ ನಮ್ಮ ಹೊಟೇಲಿನ ಗಿರಾಕಿ. ಕಾಡು ಕಡಿಯುವ ಮಲಯಾಳಿಗಳಿಗೆ ಎಮ್ಮೆ, ಎತ್ತು ಬೇಕಿತ್ತು. ಅವರ ಭಾಷೆ ಇವನಿಗೆ ಬಾರದು.

"ಬಿ.ಎ. ಸಾರನ್ನು ನನ್ನ ಜೊತೆ ಕಳಿಸಿ. ನಾನು ಹೇಳಿದ್ದನ್ನು ಅವರಿಗೆ ಹೇಳಿದರೆ ಆಯ್ತು. ಬಿಸಿಲಿಲ್ಲ, ಭಾರ ಇಲ್ಲ" ಎಂದ.

"ಕುರ್ಚಿ ಉಂಟಾ?" ಎಂದು ಕೇಳಿದಳು ನನ್ನ ಹೆಂಡತಿ.

"ದನದ ಸಂತೆಯಲ್ಲಿ ಎಂತ ಕುರ್ಚಿ ಅಕ್ಕ? ಕಲ್ಲು ಉಂಟು."

ಹೋದರು.

ದನದ ವ್ಯಾಪಾರದಲ್ಲಿ ಬಾಯಿ ಬಿಡುವ ಕ್ರಮ ಇಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡೂ ಒಂದು ಟುವಾಲಿನ ಕೆಳಗೆ. ಬೆರಳು ಹಿಡಿದದ್ದರಲ್ಲೇ ರೇಟು. ಐದೂ ಬೆರಳು ಒಟ್ಟಿಗೆ ಹಿಡಿದರೆ ದೊಡ್ಡ ರೇಟು. ಹಿಡಿದು ಅಲ್ಲಾಡಿಸಿದರೆ ಮಾತು ಮುಗಿಯಿತು, ದನ ನಿನ್ನದು. ಸುತ್ತ ನಿಂತವರಿಗೆ ಒಂದೂ ಗೊತ್ತಾಗುದಿಲ್ಲ.

ದಲ್ಲಾಳಿ ತನ್ನ ಟುವಾಲನ್ನು ಬಿ.ಎ. ಕೈ ಮೇಲೆ ಹಾಕಿ, "ಇಲ್ಲೇ ನಿಂತಿರಿ, ಊಟ ಮಾಡಿ ಬಂದೆ" ಎಂದು ಹೋದ. ಟುವಾಲು ಹಾಕಿ ನಿಂತವ ದನ ಕೊಳ್ಳಲು ನಿಂತವ ಎಂದು ಲೆಕ್ಕ. ಒಬ್ಬ ಬಂದ. ಟುವಾಲಿನ ಕೆಳಗೆ ಕೈ ತೂರಿಸಿದ. ಬಿ.ಎ.ಗೆ ಸಂತೋಷವಾಯಿತು. ಕಾಲೇಜಿನಲ್ಲಿ ಕಲಿತ ಮರ್ಯಾದೆ. ಐದೂ ಬೆರಳು ಗಟ್ಟಿ ಹಿಡಿದು ಚೆನ್ನಾಗಿ ಕುಲುಕಿದರು. ಬಂದವನ ಕಣ್ಣು ಅಗಲವಾಯಿತು. ಅಷ್ಟು ಒಳ್ಳೆಯ ರೇಟು ಅವ ಕನಸಿನಲ್ಲೂ ಎಣಿಸಿರಲಿಲ್ಲ. ಅವ ಓಡಿ ಹೋಗಿ ತನ್ನ ಭಾವನಿಗೆ ಹೇಳಿದ. ಭಾವ ಬಂದ. ಅವನ ಕೈಯನ್ನೂ ಕುಲುಕಿದರು. ಆಮೇಲೆ ಸಾಲು ಸುರುವಾಯಿತು.

ದಲ್ಲಾಳಿ ಊಟ ಮಾಡಿ ಎಲೆಯಡಿಕೆ ಜಗಿಯುತ್ತ ಬಂದ. ನೋಡಿದರೆ ಬಿ.ಎ. ಹಿಂದೆ ಒಂದು ಹಟ್ಟಿಯೇ ನಿಂತಿತ್ತು. ಎಮ್ಮೆ, ಕೋಣ, ಕರು, ಒಂದು ಮುದಿ ಎತ್ತು.

"ಇದೆಲ್ಲ ಯಾರದ್ದು?"

"ಗೊತ್ತಿಲ್ಲ. ಆದರೆ ಈ ಊರಿನ ಜನ ಎಷ್ಟು ಒಳ್ಳೆಯವರು! ನನ್ನ ಪರಿಚಯವೇ ಇಲ್ಲ, ಎಲ್ಲರೂ ಬಂದು ಕೈ ಕುಲುಕುತ್ತಾರೆ. ಕೆಲವರಿಗೆ ಕಣ್ಣಲ್ಲಿ ನೀರು ಬಂತು" ಎಂದರು ಬಿ.ಎ.

ಟುವಾಲಿನ ಕೆಳಗೆ ಆದ ಮಾತು ತಪ್ಪುವ ಹಾಗಿಲ್ಲ. ದಲ್ಲಾಳಿ ತಲೆ ಮೇಲೆ ಕೈಹೊತ್ತ. ಸಂಜೆಯೊಳಗೆ ಹೇಗೋ ಎಮ್ಮೆ ಕೋಣಗಳನ್ನು ಮಲಯಾಳಿಗಳಿಗೆ ದಾಟಿಸಿದ. ಮುದಿ ಎತ್ತು ಯಾರಿಗೂ ಬೇಡವಾಯಿತು. ಅದು ಬಿ.ಎ.ಯವರ ಹಿಂದೆಯೇ ಕಡಬದವರೆಗೆ ನಡೆದು ಬಂದು ನಮ್ಮ ಹೊಟೇಲಿನ ಎದುರು ನಿಂತಿತು.

ನನ್ನ ಹೆಂಡತಿ ಹೊರಗೆ ಬಂದಳು. "ಕೆಲಸ ಸಿಕ್ಕಿತಾ?"

"ಕೆಲಸ ಹೋಯಿತು ಚೇಚಿ."

"ಇದು?"

"ಇದು ನನ್ನನ್ನು ಬಿಡುದಿಲ್ಲ."

ದಲ್ಲಾಳಿ ಆಮೇಲೆ ಹೊಟೇಲಿಗೆ ಬಂದಾಗೆಲ್ಲ ಕೇಳುತ್ತಿದ್ದ. "ನಿಮ್ಮ ಬಿ.ಎ. ಒಳಗಿದ್ದಾರಾ? ಇದ್ದರೆ ಕೈ ಕಿಸೆಯಲ್ಲಿ ಉಂಟಾ ನೋಡಿ ಹೇಳಿ. ಮತ್ತೆ ನಾನು ಬರುತ್ತೇನೆ."

೩. ಗೋಡೆಯ ಮೇಲಿನ ಹೊಸ ದೇವರು

ಸರ್ಟಿಫಿಕೇಟಿಗೆ ಬೂಸ್ಟು ಹಿಡಿಯುತ್ತದೆ ಎಂದು ಬಿ.ಎ. ಅದಕ್ಕೆ ಪುತ್ತೂರಿನಲ್ಲಿ ಗ್ಲಾಸು ಕಟ್ಟು ಹಾಕಿಸಿದರು. ಹೊಟೇಲಿನಲ್ಲಿ ಥಂಡಿ ಹಿಡಿಯದ ಗೋಡೆ ಒಂದೇ. ಅಲ್ಲಿ ನಮ್ಮ ದೇವರ ಪಟಗಳು. ಅವುಗಳ ನಡುವೆ ಒಂದು ಆಣಿ ಖಾಲಿ ಇತ್ತು. ಅಲ್ಲೇ ತೂಗುಹಾಕಿದೆವು.

ನನ್ನ ಹೆಂಡತಿ ಶುಕ್ರವಾರ ಪಟಗಳಿಗೆ ಹೂ ಇಡುವವಳು. ನಡುವಿನದ್ದನ್ನು ಬಿಟ್ಟರೆ ಚಂದ ಕಾಣುದಿಲ್ಲ ಎಂದು ಅದಕ್ಕೂ ಇಟ್ಟಳು. ಊದುಬತ್ತಿಯನ್ನೂ ತೋರಿಸಿದಳು. ಸರ್ಟಿಫಿಕೇಟಿನಲ್ಲಿ ದೊಡ್ಡ ಮುದ್ರೆ, ಸುತ್ತ ಬಳ್ಳಿಯ ಚಿತ್ರ. ಹೂ ಬಿದ್ದ ಮೇಲೆ ಲಾಯಕ್ಕೇ ಕಾಣುತ್ತಿತ್ತು.

ಒಬ್ಬರು ಅಜ್ಜಿ ಪುತ್ತೂರು ಕೋರ್ಟಿಗೆ ಹೋಗುವ ದಾರಿಯಲ್ಲಿ ಚಾಕ್ಕೆ ಬಂದರು. ಒಂದು ಗದ್ದೆಯ ವ್ಯಾಜ್ಯ. ತುಂಬ ವರ್ಷದ್ದು. ಗೋಡೆ ನೋಡಿದರು. ಮೊದಲ ಪಟಕ್ಕೆ ಕೈಮುಗಿದರು. ಎರಡನೆಯದ್ದರ ಹತ್ತಿರ ನಿಂತರು.

"ಇದು ಯಾವ ದೇವರು ಮಗಳೇ?"

ನನ್ನ ಹೆಂಡತಿಯ ಕೈಯಲ್ಲಿ ದೋಸೆ ಹಿಟ್ಟು. ತಿರುಗಿಯೂ ನೋಡಲಿಲ್ಲ. "ಅದು ಬಿ.ಎ." ಎಂದಳು.

"ಎಲ್ಲಿಯದ್ದು?"

"ತಿರುವಾಂಕೂರಿನದ್ದು."

"ಹಾಗಾದರೆ ಶಕ್ತಿ ಇರಬೇಕು" ಎಂದರು ಅಜ್ಜಿ. ಮಲಯಾಳದ ದೇವರೆಂದರೆ ನಮ್ಮವರಿಗೆ ಮೊದಲಿಂದಲೂ ಭಯ ಸ್ವಲ್ಪ ಜಾಸ್ತಿ. ಗದ್ದೆ ಸಿಕ್ಕಿದರೆ ಕಾಯಿ ಒಡೆಸುತ್ತೇನೆ ಎಂದು ಹೇಳಿಕೊಂಡು ಹೋದರು.

ಗದ್ದೆ ಸಿಕ್ಕಿತು.

ಅಜ್ಜಿ ತೆಂಗಿನಕಾಯಿ, ಬಾಳೆಗೊನೆ ಹಿಡಿದುಕೊಂಡು ಬಂದರು. ಜೊತೆಗೆ ಇನ್ನೂ ನಾಲ್ಕು ಜನ ವ್ಯಾಜ್ಯದವರು. ಬಿ.ಎ. ಆಗಷ್ಟೇ ಪುತ್ತೂರಿನಿಂದ ಬಂದಿದ್ದರು. ಒಂದು ಆಫೀಸಿನಲ್ಲಿ "ಖಾಲಿ ಇಲ್ಲ" ಎನಿಸಿಕೊಂಡು ಬಂದ ಮುಖ. ಬಾಗಿಲಲ್ಲಿ ನಿಂತು ನೋಡಿದರು. ತನ್ನ ಸರ್ಟಿಫಿಕೇಟಿಗೆ ಮಂಗಳಾರತಿ ಆಗುತ್ತಿತ್ತು.

ಅವರಿಗೆ ಎಲ್ಲ ಗೊತ್ತಾದ ಮೇಲೆ ಬೆಂಚಿನಲ್ಲಿ ಕೂತು ಒಂದು ಬಾಳೆಹಣ್ಣು ಸುಲಿದರು. ಅರ್ಧ ತಿಂದು ಹೇಳಿದರು. "ನಾಲ್ಕು ವರ್ಷ ನಿದ್ದೆ ಬಿಟ್ಟು ಓದಿದವ ನಾನು. ನನಗೆ ಒಂದು ಕುರ್ಚಿ ಕೊಡಿಸಲಿಲ್ಲ. ಅಜ್ಜಿ ಒಂದು ಸಲ ಕೈಮುಗಿದದ್ದಕ್ಕೆ ಗದ್ದೆ ಕೊಡಿಸಿತು."

"ನೀವು ಕೈಮುಗಿದಿದ್ದೀರಾ?" ಎಂದಳು ನನ್ನ ಹೆಂಡತಿ.

"ಇಲ್ಲ."

"ಮತ್ತೆ!"

೪. ಆರು ಗಂಟೆಯ ಬಸ್ಸು

ಕಡಬದಿಂದ ಪುತ್ತೂರಿಗೆ ಬೆಳಿಗ್ಗೆ ಒಂದು ಬಸ್ಸು. ಅದಕ್ಕೆ ಆರು ಗಂಟೆಯ ಬಸ್ಸು ಎಂದು ಹೆಸರು. ಅದು ಹೆಸರು ಮಾತ್ರ. ಆರು ಗಂಟೆಗೆ ಡ್ರೈವರ್ ಏಳುತ್ತಾನೆ. ಒಂದು ಹಾರ್ನ್ ಹೊಡೆಯುತ್ತಾನೆ. ಆಗ ಊರಿನವರು ಏಳುತ್ತಾರೆ. ಎರಡನೇ ಹಾರ್ನಿಗೆ ಗಂಜಿ. ಮೂರನೇ ಹಾರ್ನ್ ಆದ ಮೇಲೆ ತೋಡಿನ ಆಚೆಯಿಂದ ಯಾರಾದರೂ "ಕೂ" ಎಂದು ಕೂಗುತ್ತಾರೆ. ಕೂಗಿದವರು ಬರುವವರೆಗೆ ನಿಲ್ಲಬೇಕು. ಅವರು ಬಂದ ಮೇಲೆ ಬಸ್ಸು.

ಬಸ್ಸಿನ ಧಣಿಗಳು ಪುತ್ತೂರಿನಲ್ಲಿ ಇರುವವರು. ಬಿ.ಎ. ಓದಿದವರು ಕಂಡಕ್ಟರಿಕೆಗೆ ಸಿಕ್ಕಿದರಲ್ಲ ಎಂದು ಅವರಿಗೆ ಹೆಮ್ಮೆ. ಬಿ.ಎ.ಗೂ ಕಂಡಕ್ಟರ್ ಸೀಟು ಕುರ್ಚಿಯ ಲೆಕ್ಕಕ್ಕೆ ಬರುತ್ತದೋ ಏನೋ ಎಂದು ಒಂದು ಆಸೆ.

ಮೊದಲ ದಿನ ಬೆಳಿಗ್ಗೆ ವಾಚು ಕಟ್ಟಿಕೊಂಡು ಹೋದರು. ಆರು ಗಂಟೆ ಆಯಿತು. ಸೀಟಿ ಊದಿದರು. "ರೈಟ್" ಎಂದರು.

ಡ್ರೈವರ್ ತಿರುಗಿ ನೋಡಿದ. "ಜನ?"

"ಟೈಮು ಆಯಿತು."

"ಟೈಮು ಆಯಿತು ಸಾರ್, ಜನ ಆಗಲಿಲ್ಲ."

"ನಾಳೆಯಿಂದ ಬರುತ್ತಾರೆ. ಒಂದು ದಿನ ಬಿಟ್ಟು ಹೋದರೆ ಕಲಿಯುತ್ತಾರೆ" ಎಂದರು ಬಿ.ಎ. ಬಿ.ಎ. ಓದಿದವರ ಮಾತು ಮೀರುದು ಹೇಗೆ? ಬಸ್ಸು ಹೋಯಿತು. ಉಪ್ಪಿನಂಗಡಿಯಲ್ಲಿ ಚಾಕ್ಕೆ ನಿಲ್ಲಿಸುವ ಕ್ರಮ. ಕುಡಿಯುವವರು ಇಲ್ಲ, ಆದರೂ ನಿಲ್ಲಿಸಿದರು. ಪುತ್ತೂರು ಮುಟ್ಟುವಾಗ ಧಣಿಗಳು ಇನ್ನೂ ಹಲ್ಲುಜ್ಜುತ್ತಿದ್ದರು.

ಬಿ.ಎ. ಇಳಿದು ಎದೆ ಎತ್ತಿ ನಿಂತರು. "ಸಾರ್, ಟೈಮಿಗೆ ಸರಿಯಾಗಿ ತಂದಿದ್ದೇನೆ."

ಧಣಿಗಳು ಬಸ್ಸಿನ ಒಳಗೆ ಇಣುಕಿದರು. ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಎಂತದನ್ನು?" ಎಂದು ಕೇಳಿದರು.

ಇತ್ತ ಕಡಬದಲ್ಲಿ ನಮ್ಮ ಹೊಟೇಲು ತುಂಬಿತು. ಬಿಟ್ಟು ಹೋದವರೆಲ್ಲ ಬಂದು ಕೂತರು. ಒಬ್ಬ ಬೆಂಚಿಗೆ ಗುದ್ದಿ ಹೇಳಿದ. "ಆರು ಗಂಟೆಯ ಬಸ್ಸು ಆರು ಗಂಟೆಗೇ ಹೋಗುದಾದರೆ ನಾವು ಏಳುದು ಯಾವ ಹಾರ್ನಿಗೆ?" ಎಲ್ಲರೂ ಹೌದು ಹೌದು ಎಂದರು.

ಮೂಲೆಯಲ್ಲಿ ಹಲಸಿನಕಾಯಿ, ಹಪ್ಪಳದ ಕಟ್ಟು ಹಿಡಿದುಕೊಂಡು ಒಬ್ಬರು ಹೆಂಗಸು ಕೂತಿದ್ದರು. ಪುತ್ತೂರಿಗೆ ಮಗಳ ಮನೆಗೆ ಹೊರಟವರು. ಅವರ ಅಳಿಯ ಅಂದರೆ ಬಸ್ಸಿನ ಧಣಿಗಳೇ. ಅವರು ಬೈಯಲಿಲ್ಲ. ತಣ್ಣಗೆ ಹೇಳಿದರು.

"ಇಷ್ಟು ವರ್ಷ ಆ ಬಸ್ಸಿಗೆ ಬುದ್ಧಿ ಇತ್ತು. ಓದಿದವರು ಹತ್ತಿ ಹಾಳು ಮಾಡಿದರು."

ಬಿ.ಎ. ರಾತ್ರಿ ನಡೆದುಕೊಂಡು ಬಂದು ಮುಟ್ಟಿದರು. ಹಿಂದೆ ಬರುವ ಬಸ್ಸಿಗೆ ಅವರನ್ನು ಹತ್ತಿಸಲಿಲ್ಲವಂತೆ.

೫. ರಾಜ ಕೊಟ್ಟ ಕುರ್ಚಿ

ಆಟಿ ತಿಂಗಳು, ಆಷಾಢ. ಜೋರು ಮಳೆ. ಓಣಂ ಹತ್ತಿರ ಬಂತು. ಅಣ್ಣ ಕಾಡಿನಿಂದ ಬಂದು ಹೇಳಿದ. "ನಾನು ಇವತ್ತು ಸಂಜೆಯ ಬಸ್ಸಿಗೆ ಊರಿಗೆ ಹೋಗುದು. ಹುಡುಗಿಯ ಅಪ್ಪ ಕೇಳುತ್ತಾರೆ. ಎಂತ ಹೇಳಲಿ?" ಬಿ.ಎ. ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿದರು.

ನನ್ನ ಹೆಂಡತಿಗೆ ತಡೆಯಲಿಲ್ಲ. "ಶಾಲೆಯಲ್ಲಿ ಐದನೇ ಕ್ಲಾಸಿಗೆ ಇಂಗ್ಲಿಷ್ ಮಾಸ್ಟ್ರು ಇಲ್ಲದೆ ಎಷ್ಟು ತಿಂಗಳಾಯಿತು? ಮೆನೇಜರು ಇವತ್ತು ಊಟ ಆದ ಮೇಲೆ ಶಾಲೆಯಲ್ಲೇ ಇರುತ್ತಾರೆ. ಖುಷಿಯಲ್ಲಿಯೂ ಇರುತ್ತಾರೆ. ಹೋಗಿ ಇನ್ನೊಮ್ಮೆ ಕೇಳಿ" ಎಂದು ಕೊಡೆ ಕೊಟ್ಟು ದೂಡಿದಳು.

ಮೆನೇಜರು ಶಾಲೆಯಲ್ಲಿ ಯಾಕೆ ಇರುತ್ತಾರೆ ಎಂದು ಹೇಳಲಿಲ್ಲ. ಅದನ್ನೂ ಹೇಳಬೇಕಾ? ಭಾನುವಾರ, ಆಟಿಯ ಮಳೆ. ಶಾಲೆಯಲ್ಲಿ ತಾಳಮದ್ದಳೆ.

ತಾಳಮದ್ದಳೆಗೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ಬಾರಿಸುತ್ತಾರೆ. ಊರಿನ ದೊಡ್ಡವರು ಉಟ್ಟ ಪಂಚೆ, ಹೊದ್ದ ಶಾಲಿನಲ್ಲೇ ಎದುರು ಬದುರು ಕೂತು ಪುರಾಣದವರಾಗಿ ವಾದ ಮಾಡುತ್ತಾರೆ. ಎದುರಿನವ ಎಂತ ಹೇಳಿದರೂ ಆ ಪುರಾಣದವನಾಗಿಯೇ ಉತ್ತರ ಕೊಡಬೇಕು. ಮಾತು ಬಿಟ್ಟವ, ಪಾತ್ರ ಬಿಟ್ಟವ ಸೋತ.

ನಮ್ಮ ಮೆನೇಜರದ್ದು ಒಂದೇ ಪಾತ್ರ. ದಾಯಾದಿಗಳಿಗೆ ಪಾಲು ಕೊಡದ ಹಟಮಾರಿ ರಾಜ. ಇಪ್ಪತ್ತು ವರ್ಷದಿಂದ ಅವರು ಕೊಟ್ಟಿರಲಿಲ್ಲ. ಎದುರು ಪಾಲು ಕೇಳಲು ಬರುವವರು ಪೋಸ್ಟ್ ಮಾಸ್ಟ್ರು. ಸಣ್ಣ ಜನ, ಸಣ್ಣ ಸ್ವರ. ಪ್ರತಿ ಆಟಿಗೂ ಕೇಳುತ್ತಿದ್ದರು, ಪ್ರತಿ ಆಟಿಗೂ ಬರಿಗೈಯಲ್ಲಿ ಹೋಗುತ್ತಿದ್ದರು.

ನಾನು ಚಾದ ಕೆಟ್ಲು ಹಿಡಿದುಕೊಂಡು ಅಲ್ಲೇ ಇದ್ದೆ. ಬಾಗಿಲಲ್ಲಿ ಬಿ.ಎ. ಬಂದು ನಿಂತದ್ದು ಕಂಡಿತು. ಕೈಸನ್ನೆ ಮಾಡಿ ಕೂರಿ ಎಂದೆ. ಅವರು ನನ್ನನ್ನು ನೋಡಲಿಲ್ಲ. ಮೆನೇಜರನ್ನೇ ನೋಡುತ್ತಿದ್ದರು.

ಅವರಿಗೆ ಕಂಡದ್ದು ಎಂತ ಎಂದು ಆಮೇಲೆ ಹೇಳಿದರು. ಮೆನೇಜರ ಮನೆಯ ಪಾಲಿನ ಪಂಚಾಯ್ತಿ ನಡೆಯುತ್ತಿದೆ. ಮೆನೇಜರು ಹಳೆಯ ಅರಸು ಮನೆತನದವರು. ತಮ್ಮಂದಿರಿಗೆ ಜಾಗ ಕೊಡುದಿಲ್ಲ ಎನ್ನುತ್ತಾರೆ. ಪೋಸ್ಟ್ ಮಾಸ್ಟ್ರು ತಮ್ಮಂದಿರ ಪರವಾಗಿ ಬಂದಿದ್ದಾರೆ. ಬಿ.ಎ.ಯವರ ಊರಿನಲ್ಲಿ ನಿನ್ನೆ ಮೊನ್ನೆಯವರೆಗೆ ರಾಜರಿದ್ದರು. ಇಲ್ಲಿಯೂ ಇದ್ದಾರೆ ಎಂದು ತಿಳಿದುಕೊಂಡರು. "ಮದ್ದಳೆ ಇತ್ತಲ್ಲ?" ಎಂದು ನಾನು ಕೇಳಿದೆ. "ಈ ಊರಿನಲ್ಲಿ ಪಂಚಾಯ್ತಿಗೆ ಮದ್ದಳೆಯೂ ಉಂಟು ಎಂದು ಎಣಿಸಿದೆ ಚೇಟ. ಇಲ್ಲಿ ಎಂತ ಉಂಟು, ಎಂತ ಇಲ್ಲ ಎಂದು ನನಗೆ ಹೇಗೆ ಗೊತ್ತು?" ಎಂದರು.

ಮೆನೇಜರು ಗುಡುಗುತ್ತಿದ್ದರು. ಪೋಸ್ಟ್ ಮಾಸ್ಟ್ರು ಮಾತು ಮುಗಿದು ನೀರು ಕುಡಿಯುತ್ತಿದ್ದರು. ಆಗ ಬಿ.ಎ. ಕೊಡೆ ಬಾಗಿಲಿಗೆ ಒರಗಿಸಿ ಮುಂದೆ ಬಂದರು.

"ಸಾರ್, ಸ್ವಲ್ಪ ಕೊಡಿ ಸಾರ್. ತಮ್ಮ ಅಲ್ಲವಾ? ಪಾಪ, ಕಾಡಲ್ಲಿ ಇದ್ದು ಬಂದಿದ್ದಾರೆ ಅಂತ ಇವರು ಹೇಳುತ್ತಾರೆ. ನನ್ನ ಅಣ್ಣನೂ ಕಾಡಲ್ಲಿ ಉಂಟು. ಕಾಡಿನ ಕಷ್ಟ ನಿಮಗೆ ಗೊತ್ತಿಲ್ಲ."

ನನ್ನ ಹೆಂಡತಿ ಒಲೆ ಬುಡದಲ್ಲಿ ಕಲಿಸಿದ ಕನ್ನಡ. ಇಡೀ ಶಾಲೆ "ಭೇಷ್!" ಎಂದಿತು. ಪೋಸ್ಟ್ ಮಾಸ್ಟ್ರ ಕಡೆಗೆ ಹೊಸ ಜನ ಬಂದಿದ್ದಾರೆ ಎಂದು ಎಲ್ಲರೂ ಎಣಿಸಿದರು. ಭಾಗವತರು ತಾಳ ಕೆಳಗಿಟ್ಟು ಮುಂದೆ ಬಾಗಿದರು.

ಮೆನೇಜರಿಗೆ ಇವರು ಯಾರು ಎಂದು ಗೊತ್ತಾಯಿತು. ಆದರೆ "ಹೋಗಿ ಮಾರಾಯ್ರೆ, ಇದು ತಾಳಮದ್ದಳೆ" ಎಂದರೆ ಪಾತ್ರ ಬಿಟ್ಟ ಹಾಗೆ. ಇಪ್ಪತ್ತು ವರ್ಷದ ಹೆಸರು ಹೋಯಿತು. ಅವರು ಶಾಲು ಸರಿಮಾಡಿದರು.

"ಯಾರವ ನೀನು? ಕರೆಯದ ಸಭೆಗೆ ನುಗ್ಗಿದವ?"

"ಕರೆಯಲಿಲ್ಲ ಸಾರ್. ಚೇಚಿ ಕಳಿಸಿದ್ದು."

"ಹೆಂಗಸಿನ ಮಾತು ಕೇಳಿ ರಾಜಸಭೆಗೆ ಬಂದೆಯಾ?"

"ಅವರ ಮಾತು ಕೇಳಿದ್ದಕ್ಕೇ ಇಷ್ಟು ದಿನ ಅನ್ನ ಸಿಕ್ಕಿದ್ದು ಸಾರ್."

ಹೆಂಗಸರ ಬದಿಯಿಂದ ಚಪ್ಪಾಳೆ ಬಿತ್ತು.

"ಹೇಳು, ಎಂತ ಬೇಕು ನಿನಗೆ? ಅರ್ಧ ರಾಜ್ಯವೋ?"

"ಅಯ್ಯೋ, ರಾಜ್ಯ ಬೇಡ ಸಾರ್. ಅಣ್ಣ ಎರಡು ಎಕ್ರೆ ಮಾಡಿದ್ದಕ್ಕೇ ಹಂದಿ ಕಾಟ ತಡೆಯುದಿಲ್ಲ. ನನಗೆ ಒಂದು ಕುರ್ಚಿ ಸಾಕು."

"ಕೇಳಿದಿರಾ ಸಭಾಸದರೇ! ಸಿಂಹಾಸನವನ್ನೇ ಕೇಳುತ್ತಾನೆ!"

"ಸಿಂಹಾಸನ ಅಲ್ಲ ಸಾರ್. ಕೈ ಇಲ್ಲದ ಕುರ್ಚಿ ಆದರೂ ಆದೀತು. ಐದನೇ ಕ್ಲಾಸಿನಲ್ಲಿ ಒಂದು ಖಾಲಿ ಉಂಟಲ್ಲ?"

ಅಲ್ಲಿ ಕೂತವರಲ್ಲಿ ಅರ್ಧ ಜನ ಐದನೇ ಕ್ಲಾಸಿನ ಮಕ್ಕಳ ಅಪ್ಪಂದಿರು. "ಉಂಟು! ಉಂಟು! ಖಾಲಿ ಉಂಟು!" ಎಂದು ಕೂಗಿದರು. ಯಾವ ರಾಜನಿಗೂ ಪ್ರಜೆಗಳು ಹಾಗೆ ಕೂಗಿರಲಿಕ್ಕಿಲ್ಲ.

ಮೆನೇಜರು ಬೆವರಿದರು. "ಯಾರಲ್ಲಿ! ಇವನನ್ನು ಹೊರಗೆ ಹಾಕಿ!" ಎಂದರು. ಯಾರೂ ಏಳಲಿಲ್ಲ. ಹತ್ತಿರ ಇದ್ದವ ನಾನೊಬ್ಬ. ನಾನು ಅವರಿಗೆ ಚಾ ಕೊಟ್ಟೆ.

ಬಿ.ಎ. ಕೈಮುಗಿದರು. ಸ್ವರ ಸಣ್ಣದಾಯಿತು. "ಓಣಂ ಒಳಗೆ ಆಗದಿದ್ದರೆ ಹುಡುಗಿಯನ್ನು ಬೇರೆಯವರಿಗೆ ಕೊಡುತ್ತಾರೆ ಸಾರ್. ಅಣ್ಣ ಸಂಜೆಯ ಬಸ್ಸಿಗೆ ಹೋಗುದು. ಎಂತ ಹೇಳಿ ಕಳಿಸಲಿ?"

ಒಬ್ಬರು ಅಜ್ಜಿ ಮೂಗು ಒರೆಸಿಕೊಂಡರು. ಪೋಸ್ಟ್ ಮಾಸ್ಟ್ರೂ ಒರೆಸಿಕೊಂಡರು.

ಮೆನೇಜರು ಚಾ ಇಟ್ಟರು. ಎದ್ದು ನಿಂತರು. ತಾಳಮದ್ದಳೆಯಲ್ಲಿ ಏಳುವ ಕ್ರಮ ಇಲ್ಲ, ಆದರೂ ಎದ್ದರು. ಶಾಲು ಹೆಗಲಿಗೆ ಬೀಸಿದರು.

"ಕೇಳು! ದಾಯಾದಿಗೆ ಹಿಡಿ ಮಣ್ಣೂ ಕೊಡೆ. ಯುದ್ಧ ಆಗುದಾದರೆ ಆಗಲಿ. ಆದರೆ ಬೇಡಿ ಬಂದವನನ್ನು ಬರಿಗೈಯಲ್ಲಿ ಕಳಿಸಿದೆ ಎಂಬ ಅಪವಾದ ಈ ರಾಜನಿಗೆ ಬೇಡ. ಹೋಗು! ಕುರ್ಚಿ ಕೊಟ್ಟೆ!"

ಭಾಗವತರು ಮಂಗಳ ಹಾಡಿದರು. ಇನ್ನು ಮುಂದೆ ಹಾಡಿದರೆ ಕತೆ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೇ ಹೆದರಿಕೆ. ಪೋಸ್ಟ್ ಮಾಸ್ಟ್ರು ನನ್ನ ಹತ್ತಿರ ಬಂದು ಹೇಳಿದರು. "ನೋಡಿ ಮಾರಾಯ್ರೆ. ಇಪ್ಪತ್ತು ವರ್ಷದಿಂದ ಕೇಳುದು ನಾನು. ಸಿಕ್ಕಿದ್ದು ಇವರಿಗೆ."

ಬಿ.ಎ. ಬಸ್ಸಿನ ಹತ್ತಿರ ಓಡಿ ಅಣ್ಣನಿಗೆ ಸುದ್ದಿ ಹೇಳಿದರು. ಬಸ್ಸು ಹೋಯಿತು. ಹೊಟೇಲಿಗೆ ಬಂದು ನನ್ನ ಹೆಂಡತಿಯ ಕಾಲು ಹಿಡಿಯಲು ಬಗ್ಗಿದರು. "ಇಲ್ಲಿಯ ರಾಜರು ತುಂಬಿದ ಸಭೆಯಲ್ಲಿ ಕೆಲಸ ಕೊಟ್ಟರು ಚೇಚಿ!"

"ಯಾವ ರಾಜರು?" ಎಂದು ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ. ಅವಳು ಹಿಟ್ಟಿನ ಪಾತ್ರೆಯ ಹತ್ತಿರ ಕೂತೇಬಿಟ್ಟಳು. ನಗು ನಿಲ್ಲದೆ ಸಂಜೆ ದೋಸೆ ಇಲ್ಲ ಎಂದು ಗಿರಾಕಿಗಳನ್ನು ಕಳಿಸಬೇಕಾಯಿತು.

ನಿಜ ಗೊತ್ತಾದ ಮೇಲೆ ಬಿ.ಎ. ಶಾಲೆಗೆ ಹೋಗುದಿಲ್ಲ ಎಂದು ಹಟ ಹಿಡಿದರು. ನಾಚಿಕೆ. "ಹೋಗಿ ಕೂತುಕೊಳ್ಳಿ. ಕೊಟ್ಟವರೇ ಬಂದು ಏಳಿಸಲಿ" ಎಂದಳು ಅವಳು. ಹೋದರು. ಐದನೇ ಕ್ಲಾಸಿನ ಕುರ್ಚಿಯಲ್ಲಿ ಕೂತರು.

ಮೆನೇಜರು ಬಂದು ಬಾಗಿಲಲ್ಲಿ ನಿಂತರು. "ಅದು ರಾಜ ಕೊಟ್ಟದ್ದು ಮಾರಾಯ್ರೆ. ನಾನಲ್ಲ."

"ಗೊತ್ತಾಯಿತು ಸಾರ್. ತಪ್ಪಾಯಿತು" ಎಂದು ಬಿ.ಎ. ಎದ್ದರು.

ಮೆನೇಜರು ಕಿಟಕಿ ನೋಡಿದರು. ಹೊರಗೆ ಅಪ್ಪಂದಿರು ಕೊಡೆ ಹಿಡಿದು ಸಾಲಾಗಿ ನಿಂತಿದ್ದರು. ಮೆನೇಜರು ಕೆಮ್ಮಿದರು. "ಕೂರಿ, ಕೂರಿ. ಆದರೆ ಸಂಬಳ ನನ್ನ ಹತ್ತಿರವೇ ಕೇಳಿ. ಆ ರಾಜನ ಹತ್ತಿರ ಕೇಳಬೇಡಿ. ಅವ ಯಾರಿಗೂ ಕೊಟ್ಟವನಲ್ಲ."

ಹೀಗೆ ಕುರ್ಚಿ ಆಯಿತು. ಓಣಂ ಕಳೆದು ಮದುವೆಯೂ ಆಯಿತು. ಹುಡುಗಿಯ ಕಡೆಯವರು ಅಷ್ಟು ದೂರದಿಂದ ಇಲ್ಲಿಗೇ ಬಂದರು. ಕಾಡಿನ ಬದಿಯಲ್ಲಿ ಮುಳಿಹುಲ್ಲು ಹೊದೆಸಿದ ಇಗರ್ಜಿ. ಪಕ್ಕದಲ್ಲಿ ಊಟದ ಚಪ್ಪರ. ಮೆನೇಜರನ್ನೂ ನಮ್ಮನ್ನೂ ಕರೆದಿದ್ದರು.

ಚಪ್ಪರದೊಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತರು. ಪಾದ್ರಿಗಳ ಕೈಕುರ್ಚಿ ತಂದು ಅದಕ್ಕೆ ಬಿಳಿ ವಸ್ತ್ರ ಹಾಸಿ ನಡುವೆ ಇಟ್ಟಿದ್ದರು. ಹುಡುಗಿಯ ಅಪ್ಪ ಮೆನೇಜರ ಎದುರು ಮೂರು ಸಲ ಬಗ್ಗಿದ. ಕುರ್ಚಿಯಲ್ಲಿ ಕೂರಿಸಿದ. ಒಬ್ಬ ಬಂದು ಬೀಸಣಿಗೆ ಬೀಸಿದ. ಇನ್ನೊಬ್ಬ ಚಪ್ಪರದ ಒಳಗೇ ಕೊಡೆ ಬಿಡಿಸಿ ಅವರ ತಲೆಯ ಮೇಲೆ ಹಿಡಿದು ನಿಂತ. ನನಗೆ ತಲೆ ಬುಡ ತಿಳಿಯಲಿಲ್ಲ.

ಬಿ.ಎ. ನನ್ನ ಕಿವಿಯಲ್ಲಿ ಹೇಳಿದರು. "ಅಣ್ಣ ಊರಿನಲ್ಲಿ ಹೇಳಿಬಿಟ್ಟಿದ್ದಾನೆ ಚೇಟ. ರಾಜನೇ ಕೆಲಸ ಕೊಟ್ಟ ಎಂದು. ಅದಕ್ಕೇ ಹುಡುಗಿ ಕೊಟ್ಟದ್ದು. ಈಗ ಬಾಯಿ ಬಿಟ್ಟರೆ ಮದುವೆ ನಿಲ್ಲುತ್ತದೆ."

ಮೆನೇಜರಿಗೆ ಅದು ಹೇಗೋ ಗೊತ್ತಾಯಿತು. ಇಲ್ಲ ಎನ್ನಲಿಲ್ಲ. ಶಾಲು ಸರಿಮಾಡಿದರು. ಗದ್ದ ಎತ್ತಿದರು. ಬಂದವರಿಗೆಲ್ಲ ಒಂದು ಕೈ ಎತ್ತಿ ಆಶೀರ್ವಾದ ಮಾಡಿದರು. ಇಪ್ಪತ್ತು ವರ್ಷ ಗಂಟಲು ಹರಿದುಕೊಂಡು ರಾಜನಾದವರು ಆ ದಿನ ಬಾಯಿ ಬಿಡದೆ ರಾಜರಾಗಿ ಕೂತರು.

ನನ್ನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಸಾಲಲಿಲ್ಲ. ನನ್ನ ಹೆಗಲು ಹಿಡಿದಳು. ಅದೂ ಸಾಲಲಿಲ್ಲ. ಎದ್ದು ಚಪ್ಪರದ ಹೊರಗೆ ಓಡಿದಳು. ಅಲ್ಲಿ ಮರಗೆಣಸಿನ ಗಿಡಗಳ ನಡುವೆ ನಿಂತು ನಕ್ಕಳು. ಆ ನಗು ಒಳಗೆ ಎಲ್ಲರಿಗೂ ಕೇಳುತ್ತಿತ್ತು. ಹುಡುಗಿಯ ಅಪ್ಪ ಆ ಕಡೆ ತಿರುಗಿ ನೋಡಿದ.

ಮೆನೇಜರು ಗದ್ದ ಇಳಿಸದೆ, ತುಟಿ ಅಲ್ಲಾಡಿಸದೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನಿನ್ನ ಹೆಂಡತಿಯನ್ನು ಒಮ್ಮೆ ಸುಮ್ಮನಿರಿಸು ಮಾರಾಯ. ನನ್ನ ರಾಜ್ಯ ಹೋಗುತ್ತದೆ."